ಫೋಟೋದ ಅಂಚಿನಲ್ಲಿ ನಿಂತವರ ಹೆಸರೇನು?

ಕೌಬಾಯ್ ಎಂದ ಕೂಡಲೇ ನಮ್ಮಲ್ಲಿ ಬಹುತೇಕರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ಮುಳುಗುವ ಸೂರ್ಯನ ಕಡೆಗೆ ಒಬ್ಬನೇ ಹೋಗುವ ಕುದುರೆ ಸವಾರ. ಈ ಚಿತ್ರ ನಮಗೆ ಬಂದದ್ದು ಸಿನಿಮಾದಿಂದ, ಸಿಗರೇಟಿನ ಜಾಹೀರಾತಿನಿಂದ. ದನ ಕಾಯ್ದವರು, ಹುಲ್ಲು ಒಟ್ಟಿದವರು, ಚಳಿಯಲ್ಲಿ ಕರುಗಳಿಗೆ ಮೇವು ಹಾಕಿದವರು ತಮ್ಮ ಬದುಕನ್ನು ತಾವೇ ಚಿತ್ರ ಮಾಡಿಟ್ಟಿದ್ದರೆ ಅದು ಹೇಗಿರುತ್ತಿತ್ತು? ಅಂಥದ್ದೊಂದು ಸಂಗ್ರಹ ನಿಜಕ್ಕೂ ಇದೆ. ಹಳ್ಳಿಯ ಬಗ್ಗೆ ಬರೆಯುವುದನ್ನೇ ಕಲಿತು ಬಂದ ನಮ್ಮಂಥವರು ಅದನ್ನು ನೋಡಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಅದರಿಂದ ಕಲಿಯುವುದಿದೆ, ಅದರೊಂದಿಗೆ ಕೇಳಬೇಕಾದ ಪ್ರಶ್ನೆಗಳೂ ಇವೆ.

ಅಮೆರಿಕದ ನೆವಾಡಾ ರಾಜ್ಯದ ಉತ್ತರದಲ್ಲಿ ಹಂಬೋಲ್ಟ್ ಕೌಂಟಿ ಇದೆ. ಅಲ್ಲಿನ ವಿನೆಮಕ್ಕ ಪಟ್ಟಣದಿಂದ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ಹೋದರೆ ಸಿಗುವ ಕಣಿವೆಯ ಹೆಸರು ಪ್ಯಾರಡೈಸ್ ವ್ಯಾಲಿ. ಹೆಸರು ಸ್ವರ್ಗದ್ದಾದರೂ ಸುತ್ತ ಇರುವುದು ಗ್ರೇಟ್ ಬೇಸಿನ್ ಮರುಭೂಮಿ. ಹೆಚ್ಚಿನ ಕಡೆ ಕಾಣುವುದು ಮರಳ ದಿಬ್ಬಗಳಲ್ಲ, ಸೇಜ್‌ಬ್ರಷ್ ಎಂಬ ಬೂದು ಬಣ್ಣದ ಕುರುಚಲು ಗಿಡ. ವಿನೆಮಕ್ಕದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 200 ಮಿಲಿಮೀಟರ್ ಆಸುಪಾಸು. ಬೆಟ್ಟದ ಮೇಲಿನ ಹಿಮ ಕರಗಿ ಹರಿದು ಬರುವ ತೊರೆಗಳೇ ಕಣಿವೆಗೆ ಆಧಾರ. ಆ ನೀರನ್ನು ನಂಬಿ 19ನೇ ಶತಮಾನದ ಎರಡನೇ ಅರ್ಧದಲ್ಲಿ ಅಲ್ಲಿ ದನ ಸಾಕಣೆಯ ರ‍್ಯಾಂಚ್‌ಗಳು ಎದ್ದವು.

ಅವುಗಳಲ್ಲಿ ಒಂದು ನೈಂಟಿ-ಸಿಕ್ಸ್ ರ‍್ಯಾಂಚ್. ಜರ್ಮನಿಯಿಂದ ಬಂದ ವಿಲಿಯಂ ಸ್ಟಾಕ್ ಎಂಬವರು 1864ರಲ್ಲಿ ಅದನ್ನು ಶುರು ಮಾಡಿದರು. ದನಗಳ ಮೈಮೇಲೆ ಒತ್ತುವ 96 ಎಂಬ ಮುದ್ರೆಯೇ ರ‍್ಯಾಂಚಿನ ಹೆಸರೂ ಹೌದು. ಈ ಅಂಕಿಯನ್ನು ತಲೆಕೆಳಗು ಮಾಡಿದರೂ 96 ಎಂದೇ ಓದಬಹುದು. ಅದೇ ಕುಟುಂಬದ ಲೆಸ್ಲಿ ಸ್ಟೀವರ್ಟ್ ರ‍್ಯಾಂಚಿನ ಒಡೆಯರಾಗಿದ್ದಾಗ ಒಂದು ಕೆಲಸ ಮಾಡಿದರು. 1945ರಿಂದ 1965ರವರೆಗೆ ತಮ್ಮ ಕ್ಯಾಮೆರಾದಲ್ಲಿ ರ‍್ಯಾಂಚಿನ ಕೆಲಸಗಳನ್ನು ಚಲನಚಿತ್ರವಾಗಿ ಹಿಡಿದಿಟ್ಟರು.

1978ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಜಾನಪದ ತಜ್ಞರ ಒಂದು ತಂಡ ಆ ಕಣಿವೆಗೆ ಬಂತು. ಅಮೆರಿಕನ್ ಫೋಕ್‌ಲೈಫ್ ಸೆಂಟರ್ ಎಂಬ ಅಲ್ಲಿನ ವಿಭಾಗ ಆಗಷ್ಟೇ, 1976ರಲ್ಲಿ, ಹುಟ್ಟಿತ್ತು. ತಂಡ 1982ರವರೆಗೆ ಮತ್ತೆ ಮತ್ತೆ ಬಂದು ಕೆಲಸ ಮಾಡಿತು. ಅದರ ಫಲವೇ ‘ಬಕರೂಸ್ ಇನ್ ಪ್ಯಾರಡೈಸ್’ ಎಂಬ ಸಂಗ್ರಹ. 41 ಚಲನಚಿತ್ರಗಳು, 28 ಧ್ವನಿಮುದ್ರಣಗಳು, ಸುಮಾರು 2,400 ಫೋಟೋಗಳು. ಇವುಗಳ ಜೊತೆಗೆ 1870ರಿಂದ 1958ರವರೆಗಿನ ಹಳೆಯ ಚಿತ್ರಗಳದ್ದೇ ಒಂದು ಗುಚ್ಛ. ಸ್ಟೀವರ್ಟ್ ಅವರ ಚಿತ್ರಗಳೂ ಇದರಲ್ಲಿ ಸೇರಿವೆ. 1980ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಮ್ಯೂಸಿಯಂನಲ್ಲಿ ಇದೇ ಹೆಸರಿನ ಪ್ರದರ್ಶನ ನಡೆಯಿತು, ಹೊವಾರ್ಡ್ ಮಾರ್ಷಲ್ ಮತ್ತು ರಿಚರ್ಡ್ ಆಲ್ಬೋರ್ನ್ ಬರೆದ ಪುಸ್ತಕ ಬಂತು. 1985ರಲ್ಲಿ ಲೇಸರ್ ಡಿಸ್ಕ್ ಬಂತು. ಈಗ ಎಲ್ಲವೂ ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ.

ಬಕರೂ ಎಂದರೆ ಏನು ಎಂದು ಕೇಳಿದರೆ, ಆ ಭಾಗದಲ್ಲಿ ಕೌಬಾಯ್‌ಗೆ ಇರುವ ಹೆಸರು ಅದು. ಸ್ಪ್ಯಾನಿಷ್‌ನಲ್ಲಿ ವಾಕಾ ಎಂದರೆ ಹಸು, ವಾಕೆರೊ ಎಂದರೆ ಹಸು ಕಾಯುವವನು. ನಮ್ಮ ‘ಗೋವಳ’ ಹುಟ್ಟಿದ ಹಾಗೆಯೇ ಹುಟ್ಟಿದ ಪದ. ಮೆಕ್ಸಿಕೊದಿಂದ ಕ್ಯಾಲಿಫೋರ್ನಿಯಾಕ್ಕೆ, ಅಲ್ಲಿಂದ ನೆವಾಡಾಕ್ಕೆ ಬರುವಷ್ಟರಲ್ಲಿ ಅದು ಇಂಗ್ಲಿಷರ ಬಾಯಲ್ಲಿ ಬಕರೂ ಆಯಿತು. ಪದದ ಜೊತೆಗೆ ಕಸುಬೂ ಬಂತು. ಹಸಿ ತೊಗಲನ್ನು ಸೀಳಿ ಹೆಣೆದ ಉದ್ದನೆಯ ಮಿಣಿ, ಅದರ ಕುಣಿಕೆಯನ್ನು ದನದ ಕೊರಳಿಗೆ ಎಸೆದು ಇನ್ನೊಂದು ತುದಿಯನ್ನು ಜೀನಿನ ಕೊಂಬಿಗೆ ಸುತ್ತಿ ಹಿಡಿಯುವ ರೀತಿ, ಬೆಳ್ಳಿ ಕೂರಿಸಿದ ಕಡಿವಾಣ, ಇವೆಲ್ಲ ಆ ದಾರಿಯಲ್ಲೇ ಬಂದವು. ಜಗತ್ತು ಅಪ್ಪಟ ಅಮೆರಿಕನ್ ಎಂದು ಹೇಳುವ ಸವಾರನ ಹೆಸರೂ ಹಗ್ಗವೂ ಮೆಕ್ಸಿಕೊದಿಂದ ಬಂದವು ಎಂಬುದನ್ನು ಸಿನಿಮಾ ಹೇಳುವುದು ಅಪರೂಪ. ಒಂದು ಹಗ್ಗದ ತುಂಡು ಸಾಕು, ಅದು ಹೇಳುತ್ತದೆ.

ಈ ಸಂಗ್ರಹದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕುದುರೆಗಳಿಗಿಂತ ಹುಲ್ಲು. ಅಲ್ಲಿ ಹುಲ್ಲಿನ ಕೆಲಸಕ್ಕೆ ಸಿಗುವ ಜಾಗ ನೋಡಿದರೆ ಸಿನಿಮಾದ ಕೌಬಾಯ್‌ಗೆ ನಾಚಿಕೆಯಾಗಬೇಕು. ಅದಕ್ಕೆ ಕಾರಣವಿದೆ. ಮೊದಮೊದಲು ಅಲ್ಲಿನ ರ‍್ಯಾಂಚ್‌ಗಳವರು ದನಗಳನ್ನು ಚಳಿಗಾಲದಲ್ಲೂ ಬಯಲಿಗೆ ಬಿಡುತ್ತಿದ್ದರು, ಮೇವು ಕೂಡಿಡುತ್ತಿರಲಿಲ್ಲ. 1889-90ರ ಚಳಿಗಾಲದಲ್ಲಿ ನೆವಾಡಾದ ಉತ್ತರ ಭಾಗದ ಮೇಲೆ ಹಿಮ ಸುರಿದು ನೆಲವೇ ಕಾಣದಂತಾಯಿತು. ಮಂದೆಮಂದೆಯೇ ಹಸಿವಿನಿಂದ, ಚಳಿಯಿಂದ ಸತ್ತುಹೋಯಿತು. ಆಮೇಲೆ ಉಳಿದವರು ಕಲಿತ ಪಾಠವೆಂದರೆ ಬೇಸಿಗೆಯಲ್ಲಿ ಹುಲ್ಲು ಬೆಳೆದು, ಕೊಯ್ದು, ಒಣಗಿಸಿ, ಬಣವೆ ಒಟ್ಟಿಡುವುದು. ವಸಂತದಲ್ಲಿ ಕರುಗಳಿಗೆ ಮುದ್ರೆ, ಬೇಸಿಗೆಯಲ್ಲಿ ದನ ಬೆಟ್ಟಕ್ಕೆ, ಜನ ಹುಲ್ಲುಗಾವಲಿಗೆ, ಶರತ್ಕಾಲದಲ್ಲಿ ದನ ಇಳಿಸಿ ತರುವುದು, ಚಳಿಗಾಲದುದ್ದಕ್ಕೂ ದಿನಾ ಮೇವು ಹೊರುವುದು. ಬಣವೆಯ ಫೋಟೋ ನೋಡಿದ ನಮ್ಮ ಕಡೆಯ ಯಾವ ರೈತನಿಗೂ ಇದನ್ನು ವಿವರಿಸಬೇಕಿಲ್ಲ. ಪೇಟೆಯಿಂದ ಬಂದ ಫೋಟೋಗ್ರಾಫರ್ ಕಣ್ಣಿಗೆ ಬಣವೆ ಬರೀ ಹಿನ್ನೆಲೆ. ಆ ನೆಲದ ಮನುಷ್ಯನಿಗೆ ಅದೇ ವಿಷಯ. ಒಳಗಿನವರ ಕೈಯಲ್ಲಿ ಕ್ಯಾಮೆರಾ ಇದ್ದಾಗ ಆಗುವ ವ್ಯತ್ಯಾಸ ಇದು.

ಹೊರಗಿನವರ ಕೈಯಲ್ಲಿ ಇದ್ದಾಗ ಏನಾಗುತ್ತದೆ ಎಂಬುದಕ್ಕೂ ಅಮೆರಿಕದ್ದೇ ಒಂದು ಉದಾಹರಣೆ ಇದೆ. ಪತ್ರಿಕೋದ್ಯಮದ ತರಗತಿಗಳಲ್ಲಿ ಹೇಳುವ ಪ್ರಸಂಗ ಅದು. 1936ರ ಬರಗಾಲದಲ್ಲಿ ಸರ್ಕಾರದ ಪರವಾಗಿ ಫೋಟೋ ತೆಗೆಯಲು ಹೋದ ಆರ್ಥರ್ ರಾಥ್‌ಸ್ಟೈನ್, ಸೌತ್ ಡಕೋಟದಲ್ಲಿ ಒಂದು ದನದ ತಲೆಬುರುಡೆ ಕಂಡರು. ಅದನ್ನು ಸ್ವಲ್ಪ ದೂರ ಸರಿಸಿ, ಬೇರೆ ಬೇರೆ ಕಡೆ ಇಟ್ಟು ಚಿತ್ರ ತೆಗೆದರು. ಬಾಯಿಬಿಟ್ಟ ನೆಲದ ಮೇಲೆ ಬಿಳಿ ಬುರುಡೆ ಇರುವ ಚಿತ್ರ ಪತ್ರಿಕೆಗಳಲ್ಲಿ ಬಂದಾಗ, ಅಧ್ಯಕ್ಷ ರೂಸ್‌ವೆಲ್ಟ್‌ ವಿರೋಧಿ ಪತ್ರಿಕೆಗಳು ಇದು ಕಟ್ಟಿದ ಚಿತ್ರ ಎಂದು ಗದ್ದಲ ಎಬ್ಬಿಸಿದವು. ಬರ ಸುಳ್ಳಾಗಿರಲಿಲ್ಲ. ಆದರೆ ಚರ್ಚೆ ಬರವನ್ನು ಬಿಟ್ಟು ಬುರುಡೆಯ ಹಿಂದೆ ಹೋಯಿತು. ಹಳ್ಳಿಗೆ ಕಷ್ಟದ ಗುರುತು ಹುಡುಕಿಕೊಂಡೇ ಹೋಗುವ ಕಣ್ಣಿಗೆ ಸಿಗುವುದು ಬುರುಡೆ. ಅಲ್ಲೇ ಬದುಕುವವನ ಕಣ್ಣಿಗೆ ಕಾಣುವುದು ಈ ವರ್ಷ ಬಣವೆ ಎಷ್ಟು ಎತ್ತರ ಎದ್ದಿದೆ ಎಂಬುದು.

ಹಾಗಂತ ಒಳಗಿನವರು ತೆಗೆದ ಚಿತ್ರವೆಲ್ಲ ಪೂರ್ಣಸತ್ಯ ಎಂದು ನಾವು ಹೇಳುತ್ತಿಲ್ಲ. ಒಳಗೂ ಒಡೆಯ ಇದ್ದಾನೆ, ಆಳು ಇದ್ದಾನೆ. ಕ್ಯಾಮೆರಾ ಕೊಳ್ಳುವಷ್ಟು ಹಣ, ಫೋಟೋ ಕಟ್ಟಿಸಿ ತೂಗುಹಾಕಲು ಗೋಡೆ, ಪೆಟ್ಟಿಗೆಯನ್ನು ನೂರು ವರ್ಷ ಜೋಪಾನ ಮಾಡಲು ಕದಲದ ಮನೆ, ಇವು ಇದ್ದದ್ದು ಒಡೆಯನಿಗೆ. ಋತುವಿಗೊಂದು ರ‍್ಯಾಂಚ್ ಬದಲಿಸುತ್ತಾ ಹಾಸಿಗೆ ಸುತ್ತಿಕೊಂಡು ಹೋಗುವ ಕೂಲಿಯವನ ಬಳಿ ಏನಿರಲು ಸಾಧ್ಯ? ಅವನು ಇತಿಹಾಸದಲ್ಲಿ ಉಳಿಯುವುದು ಒಡೆಯನ ಫೋಟೋದ ಅಂಚಿನಲ್ಲಿ, ಅರ್ಧ ಮುಖ, ಒಂದು ಟೋಪಿ, ಲಗಾಮು ಹಿಡಿದ ಒಂದು ಕೈಯಾಗಿ.

ಪ್ಯಾರಡೈಸ್ ವ್ಯಾಲಿಯಲ್ಲಿ ಈ ಅಂಚಿನ ಜನ ಯಾರು ಎಂದು ನೋಡಿದರೆ ದೊಡ್ಡ ಪಟ್ಟಿಯೇ ಆಗುತ್ತದೆ. ಕಣಿವೆಯ ಕಲ್ಲಿನ ಮನೆ, ಕೊಟ್ಟಿಗೆಗಳನ್ನು ಕಟ್ಟಿದ್ದು ಇಟಲಿಯಿಂದ ಬಂದ ಕಲ್ಲುಕುಟಿಗರು. ಬೆಟ್ಟದ ಮೇಲೆ ಕುರಿ ಕಾಯ್ದದ್ದು ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಜನ. ರೈಲು ಹಳಿ ಹಾಕಲು ಬಂದ ಚೀನಾದವರು ಆಮೇಲೆ ಪಟ್ಟಣಗಳಲ್ಲಿ, ರ‍್ಯಾಂಚ್‌ಗಳ ಅಡುಗೆಮನೆಗಳಲ್ಲಿ ದುಡಿದರು. ಎಲ್ಲರಿಗಿಂತ ಮೊದಲು ಆ ನೆಲದಲ್ಲಿದ್ದವರು ಉತ್ತರ ಪಾಯೂಟ್ ಮೂಲನಿವಾಸಿಗಳು. ಬಿಳಿಯರು ಕಣಿವೆಗೆ ಬಂದಾಗ ಕಾದಾಟ ನಡೆಯಿತು. 1866ರಲ್ಲಿ ಅಲ್ಲಿ ಸೈನ್ಯದ ಶಿಬಿರವನ್ನೇ ಹಾಕಿದರು. ನೆಲ ಕಳೆದುಕೊಂಡ ಪಾಯೂಟರಲ್ಲಿ ಎಷ್ಟೋ ಜನ ಅದೇ ನೆಲದ ರ‍್ಯಾಂಚ್‌ಗಳಲ್ಲಿ ಬಕರೂಗಳಾಗಿ ಕೂಲಿಗೆ ನಿಂತರು. ವಿನೆಮಕ್ಕ ಎಂಬುದು ಪಾಯೂಟ್ ಮುಖಂಡನ ಹೆಸರು. ಸಾರಾ ವಿನೆಮಕ್ಕ ಎಂಬ ಪಾಯೂಟ್ ಮಹಿಳೆ 1883ರಲ್ಲಿ ತನ್ನ ಜನಕ್ಕಾದ ಅನ್ಯಾಯವನ್ನು ಪುಸ್ತಕವಾಗಿಯೇ ಬರೆದಳು. ಊರಿಗೆ ಅವರ ಹೆಸರು ಬೇಕಾಯಿತು. ಆ ಕಾಲದ ಫೋಟೋಗಳ ಅಡಿಬರಹಕ್ಕೆ ಮಾತ್ರ ‘ಒಬ್ಬ ಇಂಡಿಯನ್’ ಎಂದರೆ ಸಾಕಾಯಿತು.

ಚೀನಾದವರ ಪಾಡು ಇನ್ನೂ ವಿಚಿತ್ರ. ಅಮೆರಿಕದ ಹಳೆಯ ಕಡತಗಳಲ್ಲಿ ‘ಆ’ ಎಂದು ಶುರುವಾಗುವ ಚೀನೀ ಹೆಸರುಗಳು ರಾಶಿ ರಾಶಿ ಸಿಗುತ್ತವೆ. ಆ ‘ಆ’ ಹೆಸರೇ ಅಲ್ಲ. ದಕ್ಷಿಣ ಚೀನಾದವರು ಸಲುಗೆಯಿಂದ ಕರೆಯುವಾಗ ಹೆಸರಿನ ಹಿಂದೆ ಸೇರಿಸುವ ಸದ್ದು. ನಮ್ಮಲ್ಲಿ ‘ಏನಪ್ಪಾ’ ಎಂಬುದರಲ್ಲಿನ ಅಪ್ಪನನ್ನು ಹೆಸರು ಎಂದು ಬರೆದುಕೊಂಡ ಹಾಗೆ. ಗುಮಾಸ್ತ ಕೇಳಿಸಿದ್ದನ್ನು ಬರೆದ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಇಂದು ತಮ್ಮ ಮುತ್ತಜ್ಜನನ್ನು ಹುಡುಕುವ ಮೊಮ್ಮಕ್ಕಳಿಗೆ ಆ ಒಂದು ಪ್ರಶ್ನೆಯ ಕೊರತೆಯೇ ಗೋಡೆಯಾಗಿ ನಿಂತಿದೆ.

1978ರ ತಂಡದ ಕೆಲಸವನ್ನು ನಾವು ಮೆಚ್ಚುವುದು ಈ ಕಾರಣಕ್ಕೆ. ಅವರು ರ‍್ಯಾಂಚಿನ ಒಡೆಯರ ಮಾತನ್ನು ಧ್ವನಿಮುದ್ರಿಸಿಕೊಂಡರು. ಅಲ್ಲಿಗೇ ನಿಲ್ಲದೆ ಪಾಯೂಟ್ ಬಕರೂಗಳನ್ನು, ಇಟಲಿ ಮೂಲದ ಮನೆಗಳನ್ನು, ಬಾಸ್ಕ್ ಕುಟುಂಬಗಳನ್ನು ಹುಡುಕಿಕೊಂಡು ಹೋದರು. ಕೊಟ್ಟಿಗೆ, ಬೇಲಿ, ದೊಡ್ಡಿಯ ಬಾಗಿಲು, ಕಡಿವಾಣ ಎಲ್ಲದರ ಚಿತ್ರ ತೆಗೆದರು. ಯಾರದು, ಯಾವ ಊರು, ಯಾವಾಗ ಎಂದು ಬರೆದಿಟ್ಟರು. ಹಾಗಾಗಿ ಅವರು ತೆಗೆದ ಚಿತ್ರಗಳಲ್ಲಿ ಅಂಚಿನಲ್ಲಿ ನಿಂತವರಿಗೂ ಹೆಸರುಗಳಿವೆ. ಫೋಟೋ ತೆಗೆಯುವುದು ಒಂದು ಕ್ಷಣದ ಕೆಲಸ. ಅವರು ನಾಲ್ಕು ವರ್ಷ ತೆಗೆದುಕೊಂಡದ್ದು ಈ ಉಳಿದ ಕೆಲಸಕ್ಕೆ.

ವಸ್ತುಗಳ ವಿಷಯದಲ್ಲೂ ಇದೇ ಮಾತು. ನೆವಾಡಾದ ಎಲ್ಕೊ ಪಟ್ಟಣದಲ್ಲಿ ಜಿ.ಎಸ್. ಗಾರ್ಸಿಯಾ ಎಂಬ ಜೀನುಗಾರ ಇದ್ದರು. ಅವರು ಮಾಡಿದ ಜೀನು 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಚಿನ್ನದ ಪದಕ ಗೆದ್ದಿತ್ತು. ಗಾರ್ಸಿಯಾ ಕೈಯ ಕಡಿವಾಣ ಎಂದರೆ ಈಗ ಹರಾಜಿನಲ್ಲಿ ಬೆಲೆಬಾಳುವ ಸರಕು. ಸಂಗ್ರಹಕಾರರು ಅದರ ಬೆಳ್ಳಿಯನ್ನು ನೋಡುತ್ತಾರೆ. ಅದನ್ನು ಯಾವ ಕುದುರೆಯ ಬಾಯಿಗೆ ಯಾವ ವಯಸ್ಸಿನಲ್ಲಿ ಹಾಕುತ್ತಿದ್ದರು, ಅದಕ್ಕೆ ಮೊದಲು ಎಷ್ಟು ವರ್ಷ ಬರೀ ಹಗ್ಗದಲ್ಲಿ ಪಳಗಿಸುತ್ತಿದ್ದರು ಎಂಬ ತಿಳಿವಳಿಕೆ ಬೆಳ್ಳಿಗಿಂತ ಹೆಚ್ಚಿನದು. ಅದು ಹೇಳುವವರ ಜೊತೆಗೇ ಹೋಗಿಬಿಡುತ್ತದೆ. ವಸ್ತು ಮಾರಾಟವಾದ ಮನೆಯಲ್ಲಿ ಕಥೆ ಒಂದು ತಲೆಮಾರು ಉಳಿಯಬಹುದು. ಮಾತು ದಾಖಲಾಗದ ಮನೆಯಲ್ಲಿ ವಸ್ತು ಉಳಿದರೂ ಅದು ಗೂಟಕ್ಕೆ ನೇತುಹಾಕಿದ ಹಳೆಯ ಕಬ್ಬಿಣ.

ಕ್ಯಾಮೆರಾ ಇಲ್ಲದವರು ಏನೂ ಬಿಟ್ಟುಹೋಗಲಿಲ್ಲವೇ? ಬಿಟ್ಟುಹೋದರು, ನಾವು ನೋಡುವ ಜಾಗ ಬೇರೆ. ಬಾಸ್ಕ್ ಕುರಿಗಾಹಿಗಳು ಬೇಸಿಗೆಯುದ್ದಕ್ಕೂ ಬೆಟ್ಟದ ಮೇಲೆ ಒಂಟಿಯಾಗಿ ಇರುತ್ತಿದ್ದರು. ಅಲ್ಲಿ ಆಸ್ಪೆನ್ ಎಂಬ ಬಿಳಿ ತೊಗಟೆಯ ಮರಗಳ ತೋಪುಗಳಿವೆ. ಚಾಕುವಿನ ತುದಿಯಿಂದ ತೊಗಟೆಯ ಮೇಲೆ ತೆಳುವಾಗಿ ಗೀರಿದರೆ ಆಗ ಏನೂ ಕಾಣುವುದಿಲ್ಲ. ವರ್ಷಗಳು ಕಳೆದಂತೆ ಗಾಯ ಮಾಯುತ್ತಾ ಕಪ್ಪಗೆ ಉಬ್ಬಿ ಅಕ್ಷರವಾಗುತ್ತದೆ. ತಮ್ಮ ಹೆಸರು, ಊರು, ಇಸವಿ, ಬಿಟ್ಟು ಬಂದ ಮನೆಯ ಚಿತ್ರ, ಹೆಣ್ಣಿನ ಚಿತ್ರ, ಒಡೆಯನಿಗೆ ಬೈಗುಳ, ಎಲ್ಲವನ್ನೂ ಅವರು ಬರೆದರು. ಜೋಶೆ ಮಾಲೆಯಾ-ಒಲಾಯೆಚೆ ಎಂಬ ಇತಿಹಾಸಕಾರ ಇಂಥ ಸಾವಿರಾರು ಗೀರುಗಳನ್ನು ತೋಪು ತೋಪು ಅಲೆದು ದಾಖಲಿಸಿ 2000ರಲ್ಲಿ ಪುಸ್ತಕ ತಂದರು. ಜೀನ್ ಮತ್ತು ಫಿಲಿಪ್ ಅರ್ಲ್ ದಂಪತಿ ತೆಳುವಾದ ಹತ್ತಿಬಟ್ಟೆಯನ್ನು ಮರಕ್ಕೆ ಸುತ್ತಿ, ಮೇಲೆ ಮೇಣದ ಬಣ್ಣ ಉಜ್ಜಿ ಅಚ್ಚು ತೆಗೆದರು. ಆಸ್ಪೆನ್ ಬಾಳುವುದು ಹೆಚ್ಚುಕಡಿಮೆ ನೂರು ವರ್ಷ. ನೂರು ವರ್ಷದ ಹಿಂದೆ ಗೀರಿದ ಮರಗಳು ಒಂದೊಂದಾಗಿ ಬೀಳುತ್ತಿವೆ. ಆ ಜನರ ಆಲ್ಬಮ್ ನಮ್ಮ ಕಣ್ಣೆದುರೇ ಕೊಳೆಯುತ್ತಿದೆ.

ಹಳೆಯ ಫೋಟೋ, ಹಳೆಯ ಹಗ್ಗ, ಹಳೆಯ ಮರ, ಇವೆಲ್ಲ ಹೊಟ್ಟೆ ತುಂಬಿದವರ ಹವ್ಯಾಸ ಎನ್ನುವವರಿದ್ದಾರೆ. ಅವರಿಗೆ ಅದೇ ಹಂಬೋಲ್ಟ್ ಕೌಂಟಿಯ ಇತ್ತೀಚಿನ ಸಂಗತಿಯನ್ನು ಹೇಳಬೇಕು. ಅಲ್ಲಿನ ಥ್ಯಾಕರ್ ಪಾಸ್ ಎಂಬಲ್ಲಿ ಲಿಥಿಯಂ ಗಣಿಗೆ ಅಮೆರಿಕ ಸರ್ಕಾರ 2021ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕಾದ ಲೋಹ ಅದು. ನೀರು, ಹುಲ್ಲುಗಾವಲಿನ ಪ್ರಶ್ನೆ ಎತ್ತಿ ಒಬ್ಬ ರ‍್ಯಾಂಚರ್ ಕೋರ್ಟಿಗೆ ಹೋದರು. ಪಾಯೂಟ್ ಮತ್ತಿತರ ಮೂಲನಿವಾಸಿ ಸಂಘಟನೆಗಳೂ ಹೋದವು. 1865ರ ಸೆಪ್ಟೆಂಬರ್‌ನಲ್ಲಿ ಸೈನಿಕರು ತಮ್ಮ ಜನರನ್ನು ಕೊಂದ ಜಾಗ ಇದು, ತಮ್ಮವರ ಮೂಳೆಗಳು ಇಲ್ಲಿವೆ ಎಂಬುದು ಅವರ ವಾದ. ಅಜ್ಜ ಅಜ್ಜಿಯರಿಂದ ಕೇಳಿ ಬಂದ ಮಾತು ಅವರ ಬಳಿ ಇತ್ತು, ಆ ಕಾಲದ ಪತ್ರಿಕಾ ವರದಿಯೂ ಇತ್ತು. ಕೊಲೆ ನಡೆದದ್ದು ಗಣಿಯ ಗಡಿಯೊಳಗೇ ಎಂದು ಖಚಿತವಾಗಿ ಸಾಬೀತಾಗಿಲ್ಲ ಎಂದು 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅಗೆತಕ್ಕೆ ತಡೆ ಕೊಡಲಿಲ್ಲ. 2023ರಲ್ಲಿ ಗಣಿಯ ಕಾಮಗಾರಿ ಶುರುವಾಯಿತು.

ತೀರ್ಪಿನ ಸರಿತಪ್ಪು ಬೇರೆ ಚರ್ಚೆ. ನಮ್ಮ ಮಾತು ಇಷ್ಟು. ಕೋರ್ಟು ಕೇಳಿದ್ದು ಯಾವ ಜಾಗ, ಯಾವ ದಿನ, ಯಾರು ಎಂದು. ಒಂದು ಫೋಟೋದ ಹಿಂದೆ ಬರೆದಿಡುವ ವಿವರಗಳೂ ಇವೇ. ನೆಲ ಗೆದ್ದವರ ಬಳಿ ಸರ್ವೆ ನಕ್ಷೆ, ಹಕ್ಕುಪತ್ರ, ಮುದ್ರೆಯ ನೋಂದಣಿ, ಗೋಡೆಯ ಫೋಟೋ ಎಲ್ಲ ಇರುತ್ತವೆ. ನೆಲ ಕಳೆದುಕೊಂಡವರ ಬಳಿ ಇರುವುದು ನೆನಪು. ನೆನಪಿಗೆ ಇಸವಿ, ಜಾಗ, ಹೆಸರು ಜೋಡಿಸಿ ಇಡುವ ಕೆಲಸವನ್ನು ಯಾರೂ ಸಕಾಲದಲ್ಲಿ ಮಾಡದಿದ್ದರೆ, ಬೇಕಾದ ದಿನ ಅದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಇಂಥ ಕೆಲಸ ಲೈಬ್ರರಿ ಆಫ್ ಕಾಂಗ್ರೆಸ್‌ನಂಥ ದೊಡ್ಡ ಸಂಸ್ಥೆಗೆ ಮಾತ್ರ ಸಾಧ್ಯ ಎಂಬುದು. ಸ್ಟೀವರ್ಟ್ ಕ್ಯಾಮೆರಾ ಹಿಡಿದಾಗ ಅವರ ಬೆನ್ನಿಗೆ ಯಾವ ಸಂಸ್ಥೆಯೂ ಇರಲಿಲ್ಲ. ಮರಕ್ಕೆ ಬಟ್ಟೆ ಸುತ್ತಲು ಬೇಕಾದದ್ದು ಬಟ್ಟೆ, ಮೇಣ, ತಾಳ್ಮೆ. ಎರಡನೆಯದು, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕೂಲಿಯವರೂ ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಾರೆ, ಹಾಗಾಗಿ ಸಮಸ್ಯೆ ಮುಗಿಯಿತು ಎಂಬುದು. ಚಿತ್ರಗಳು ಹೆಚ್ಚಿವೆ ನಿಜ. ಆದರೆ ಸಾವಿರ ಚಿತ್ರಗಳಲ್ಲಿ ಒಂದಕ್ಕೂ ಹೆಸರು ಬರೆದಿರುವುದಿಲ್ಲ. ಫೋನು ಕೆಟ್ಟರೆ, ಕಳೆದರೆ, ಮಾರಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಟ್ರಂಕಿನ ತಳದ ಕಪ್ಪುಬಿಳುಪು ಫೋಟೋಗೆ ಗೆದ್ದಲು ಹಿಡಿಯಲು ಮೂವತ್ತು ವರ್ಷವಾದರೂ ಬೇಕಿತ್ತು.

ಹಾಗಾಗಿ ಕರ್ನಾಟಕದ ಹಳ್ಳಿಗಳಲ್ಲಿ ಓಡಾಡಿ ಬರೆಯುವ ನಮ್ಮ ಬಳಗದವರು, ಈಗ ಕೋರ್ಸು ಓದುತ್ತಿರುವ ತಮ್ಮ ತಂಗಿಯರು ಕೆಲವು ಅಭ್ಯಾಸಗಳನ್ನು ಮಾಡಿಕೊಳ್ಳಬೇಕು ಎಂದು ನಾವು ಕೇಳಿಕೊಳ್ಳುತ್ತೇವೆ. ಯಾರದಾದರೂ ಮನೆಯಲ್ಲಿ ಹಳೆಯ ಫೋಟೋ ತೋರಿಸಿದರೆ ಮೂಲವನ್ನು ಪಡೆದುಕೊಂಡು ಬರಬೇಡಿ. ಅಲ್ಲೇ ಬೆಳಕಿಗೆ ಇಟ್ಟು ಪ್ರತಿ ತೆಗೆಯಿರಿ. ಹಿಂಬದಿಯ ಚಿತ್ರವನ್ನೂ ತೆಗೆಯಿರಿ, ಸ್ಟುಡಿಯೋ ಮುದ್ರೆ, ಪೆನ್ಸಿಲ್ಲಿನ ಬರಹ ಇರುವುದು ಅಲ್ಲೇ. ಎಡದಿಂದ ಬಲಕ್ಕೆ ಪ್ರತಿಯೊಬ್ಬರ ಹೆಸರು ಕೇಳಿ. ಮನೆಯವರಿಗೆ ಗೊತ್ತಿಲ್ಲದ ಮುಖ ಇದ್ದರೆ ‘ಆಳು’ ಎಂದು ಬರೆದು ಮುಂದೆ ಹೋಗಬೇಡಿ. ಕೇರಿಗೆ ಹೋಗಿ ಇನ್ನೊಬ್ಬರನ್ನು ಕೇಳಿ. ಅಜ್ಜಿ ಫೋಟೋ ಕೈಯಲ್ಲಿ ಹಿಡಿದು ಮಾತಾಡುವಾಗ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ. ಯಾವುದನ್ನು ಪ್ರಕಟಿಸಬಾರದು ಎಂಬುದನ್ನು ಅವರೇ ಹೇಳಲಿ. ನಂತರ ಒಂದು ಪ್ರಿಂಟ್ ಹಾಕಿಸಿ ಮನೆಗೆ ತಲುಪಿಸಿ. ಅವರು ಒಪ್ಪಿದರೆ ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಇರಲಿ. ಒಂದು ಪ್ರಿಂಟಿಗೆ ಆಗುವ ಖರ್ಚು ಒಂದು ಊಟದ ಖರ್ಚಿಗಿಂತ ಕಡಿಮೆ.

ಇದರಿಂದ ಮಾರನೇ ದಿನದ ಪೇಪರಿಗೆ ಸುದ್ದಿ ಆಗುವುದಿಲ್ಲ, ಬೈಲೈನ್ ಸಿಗುವುದಿಲ್ಲ. ಹಾಗಾಗಿಯೇ ಇದನ್ನು ಯಾರೂ ಹೇಳಿ ಮಾಡಿಸುವುದೂ ಇಲ್ಲ. 1870ರ ಫೋಟೋದಲ್ಲಿ ಲಗಾಮು ಹಿಡಿದು ನಿಂತವನ ಹೆಸರು ಕೇಳಲು ಇಂದು ಯಾರೂ ಉಳಿದಿಲ್ಲ. ನಮ್ಮ ಊರುಗಳ ಫೋಟೋಗಳಲ್ಲಿ ಅಂಚಿಗೆ ನಿಂತವರನ್ನು ಗುರುತು ಹಿಡಿಯುವವರು ಇನ್ನೂ ಇದ್ದಾರೆ. ಅವರಿಗೆ ಈಗ ಎಂಬತ್ತು ದಾಟಿದೆ. ಹೋಗಿ ಕೇಳಬೇಕು, ಈ ವರ್ಷವೇ.